ವಿಮಾನ ನಿರ್ವಹಣಾ ತರಬೇತಿಯಲ್ಲಿ ಬೋಧಕರ ಮತ್ತು ಪರೀಕ್ಷಕರ ಅರ್ಹತೆಯ ಪರಿಶೋಧನೆ: ಅರ್ಜಿದಾರರ ಮಾಹಿತಿಗಾಗಿ ಒಂದು ವಿಶ್ಲೇಷಣೆ

1. ಪೀಠಿಕೆ

ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿ ಪಡೆಯುವ ಉದ್ದೇಶದಿಂದ ತರಬೇತಿ ಸಂಸ್ಥೆಗಳಿಗೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರು ಸಾಮಾನ್ಯವಾಗಿ ಮೂರು ವಿಷಯಗಳನ್ನು ವಿಚಾರಿಸುತ್ತಾರೆ. ಸಂಸ್ಥೆಗೆ ಅನುಮೋದನೆ ಇದೆಯೇ, ಶುಲ್ಕವೆಷ್ಟು, ತರಬೇತಿಯ ನಂತರ ಉದ್ಯೋಗ ದೊರೆಯುವುದೇ ಎಂಬುವೇ ಆ ಮೂರು ವಿಷಯಗಳು. ಪಾಠ ಹೇಳುವ ಬೋಧಕರ ಅರ್ಹತೆ ಏನು, ಪರೀಕ್ಷೆ ನಡೆಸಿ ಅಂಕ ನೀಡುವವರ ಅರ್ಹತೆಯನ್ನು ಯಾರು, ಎಷ್ಟು ಕಾಲಕ್ಕೊಮ್ಮೆ ಪರಿಶೀಲಿಸುತ್ತಾರೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ವಿಮಾನ ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದಲೂ ಅರ್ಜಿದಾರರ ಭವಿಷ್ಯದ ದೃಷ್ಟಿಯಿಂದಲೂ ಈ ನಾಲ್ಕನೆಯ ಪ್ರಶ್ನೆಯೇ ಮುಖ್ಯವಾದುದು.

ವಿಮಾನವೊಂದರ ನಿರ್ವಹಣಾ ಕಾರ್ಯ ಮುಗಿದ ನಂತರ ಅದು ಹಾರಾಟಕ್ಕೆ ಯೋಗ್ಯವಾಗಿದೆ ಎಂದು ದೃಢೀಕರಿಸಿ ಸಹಿ ಹಾಕುವವರು ಪರವಾನಗಿ ಹೊಂದಿದ ಎಂಜಿನಿಯರ್. ಆ ಸಹಿಯ ಮೇಲೆ ನಂಬಿಕೆಯಿಟ್ಟು ನೂರಾರು ಪ್ರಯಾಣಿಕರು ವಿಮಾನವನ್ನೇರುತ್ತಾರೆ. ಸಹಿ ಹಾಕುವವರನ್ನು ರೂಪಿಸಿದ ಬೋಧಕರು ಮತ್ತು ಅವರನ್ನು ಉತ್ತೀರ್ಣಗೊಳಿಸಿದ ಪರೀಕ್ಷಕರು ಪ್ರಯಾಣಿಕರ ಕಣ್ಣಿಗೆ ಎಂದೂ ಬೀಳುವುದಿಲ್ಲ. ಆದ್ದರಿಂದ ಅವರ ಸಾಮರ್ಥ್ಯವನ್ನು ನಿಯತವಾಗಿ ಪರಿಶೋಧಿಸುವ ವ್ಯವಸ್ಥೆಯೊಂದು ಅಗತ್ಯವಾಗಿದೆ. ಸದರಿ ವ್ಯವಸ್ಥೆಯ ಸ್ವರೂಪ, ಅದರ ಮಿತಿಗಳು ಹಾಗೂ ಅರ್ಜಿದಾರರು ಪರಿಶೀಲಿಸಬೇಕಾದ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಪ್ರಚಲಿತ ಹಿನ್ನೆಲೆ

ಭಾರತದ ನಾಗರಿಕ ವಿಮಾನಯಾನ ಕ್ಷೇತ್ರವು ತ್ವರಿತವಾಗಿ ವಿಸ್ತರಿಸುತ್ತಿದೆ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು 470 ವಿಮಾನಗಳಿಗೂ ಅದೇ ವರ್ಷದ ಜೂನ್ ತಿಂಗಳಲ್ಲಿ ಇಂಡಿಗೋ ಸಂಸ್ಥೆಯು 500 ವಿಮಾನಗಳಿಗೂ ಬೇಡಿಕೆ ಪ್ರಕಟಿಸಿದವು. ಹೊಸ ವಿಮಾನಗಳ ಜೊತೆಗೆ ಅವುಗಳ ನಿರ್ವಹಣೆಗೆ ಬೇಕಾದ ಎಂಜಿನಿಯರ್‌ಗಳ ಅಗತ್ಯವೂ ಹೆಚ್ಚುತ್ತದೆ. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಸ್ಥಾಪನೆಯಾದ ಕಾಲದಿಂದ ವಿಮಾನ ಉದ್ಯಮಕ್ಕೆ ಹೆಸರಾದ ಬೆಂಗಳೂರಿನಲ್ಲಿಯೂ ಈ ತರಬೇತಿಯತ್ತ ವಿದ್ಯಾರ್ಥಿಗಳ ಆಸಕ್ತಿ ಸಹಜವಾಗಿಯೇ ಇದೆ. ಬೇಡಿಕೆ ಹೆಚ್ಚಿದಾಗ ತರಬೇತಿ ಸಂಸ್ಥೆಗಳು ಕಟ್ಟಡವನ್ನು ಶೀಘ್ರವಾಗಿ ಕಟ್ಟಬಹುದು, ಉಪಕರಣಗಳನ್ನು ಖರೀದಿಸಬಹುದು. ಅನುಭವಿ ಬೋಧಕರನ್ನು ಹಾಗೆ ಶೀಘ್ರವಾಗಿ ಸಿದ್ಧಪಡಿಸಲು ಬರುವುದಿಲ್ಲ. ಇದಲ್ಲದೆ, ಬೋಧನೆಗೆ ಬೇಕಾದ ಅನುಭವಿ ಎಂಜಿನಿಯರ್‌ಗಳನ್ನೇ ವಿಮಾನ ಸಂಸ್ಥೆಗಳೂ ನಿರ್ವಹಣಾ ಸಂಸ್ಥೆಗಳೂ ಅರಸುತ್ತಿರುತ್ತವೆ.

ಕಾನೂನಿನ ಚೌಕಟ್ಟಿನಲ್ಲಿಯೂ ಬದಲಾವಣೆಯಾಗಿದೆ. 1934ರ ವಿಮಾನ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ದಿನಾಂಕ 1-1-2025ರಿಂದ ಜಾರಿಗೆ ಬಂದಿದೆ.

ದಿನಾಂಕ 12-6-2025ರಂದು ಅಹಮದಾಬಾದಿನಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ವಿಮಾನದಲ್ಲಿದ್ದ 242 ಜನರ ಪೈಕಿ 241 ಮಂದಿ ಮೃತಪಟ್ಟರು. ಸದರಿ ಅಪಘಾತದ ಕಾರಣಗಳು ಈ ಲೇಖನದ ವ್ಯಾಪ್ತಿಗೆ ಸೇರಿರುವುದಿಲ್ಲ. ಆದರೆ ಅದರ ನಂತರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ದೆಹಲಿ ಮತ್ತು ಮುಂಬಯಿ ಸೇರಿದಂತೆ ಪ್ರಮುಖ ವಿಮಾನ ನಿಲ್ದಾಣಗಳಲ್ಲಿ ನಡೆಸಿದ ತಪಾಸಣೆಯ ಫಲಿತಾಂಶಗಳನ್ನು ಅದೇ ತಿಂಗಳಲ್ಲಿ ಪ್ರಕಟಿಸಿತು. ವಿಮಾನಗಳಲ್ಲಿ ಒಂದೇ ದೋಷವು ಮತ್ತೆ ಮತ್ತೆ ಕಾಣಿಸಿಕೊಂಡಿರುವುದು, ನಿರ್ವಹಣಾ ಕಾರ್ಯಾದೇಶವನ್ನು ಪಾಲಿಸದಿರುವುದು, ಕೈಪಿಡಿಯಲ್ಲಿ ವಿಧಿಸಿದ ಮುನ್ನೆಚ್ಚರಿಕೆಗಳನ್ನು ಎಂಜಿನಿಯರ್‌ಗಳು ಕೈಗೊಳ್ಳದಿರುವುದು ಆ ಪಟ್ಟಿಯಲ್ಲಿದ್ದವು. ತರಬೇತಿಗೆ ಬಳಸುವ ಸಿಮ್ಯುಲೇಟರ್ ಒಂದರ ರಚನೆ ವಾಸ್ತವ ವಿಮಾನಕ್ಕೆ ಹೊಂದಿಕೆಯಾಗದಿರುವುದೂ ಅದರ ಸಾಫ್ಟ್‌ವೇರ್ ಇತ್ತೀಚಿನ ಆವೃತ್ತಿಯದಾಗಿಲ್ಲದಿರುವುದೂ ಅದೇ ಪಟ್ಟಿಯಲ್ಲಿ ದಾಖಲಾಗಿವೆ.

ಕೈಪಿಡಿಯ ಪ್ರಕಾರ ಕೆಲಸ ಮಾಡಬೇಕೆಂಬುದು ತರಬೇತಿಯ ಮೊದಲ ಪಾಠಗಳಲ್ಲೊಂದು. ಅದು ಕೆಲಸದ ಸ್ಥಳದಲ್ಲಿ ಪಾಲನೆಯಾಗುತ್ತಿಲ್ಲವೆಂದಾದರೆ ಉದ್ಯೋಗದಾತರ ಮೇಲ್ವಿಚಾರಣೆಯನ್ನು ಮಾತ್ರವಲ್ಲದೆ, ಆ ಪಾಠವನ್ನು ಹೇಳಿದ ಮತ್ತು ಅದು ಮನದಟ್ಟಾಗಿದೆಯೆಂದು ಪ್ರಮಾಣೀಕರಿಸಿದ ವ್ಯವಸ್ಥೆಯನ್ನೂ ಪರಿಶೀಲಿಸಬೇಕಾಗುತ್ತದೆ.

3. ಅನುಮೋದಿತ ತರಬೇತಿಗೆ ದೊರೆಯುವ ರಿಯಾಯಿತಿ ಮತ್ತು ಅದರ ಅರ್ಥ

ಯುರೋಪಿನ ಭಾಗ-66 ನಿಯಮಾವಳಿಯು ಪರವಾನಗಿಯ ಅರ್ಹತೆಗಳನ್ನೂ ಭಾಗ-147 ನಿಯಮಾವಳಿಯು ತರಬೇತಿ ಸಂಸ್ಥೆಗಳ ಅನುಮೋದನೆಯನ್ನೂ ನಿಯಂತ್ರಿಸುತ್ತವೆ. ಭಾರತದಲ್ಲಿ ಜಾರಿಯಲ್ಲಿರುವ ಸಿ.ಎ.ಆರ್.-66 ಮತ್ತು ಸಿ.ಎ.ಆರ್.-147 ಎಂಬ ನಾಗರಿಕ ವಿಮಾನಯಾನ ಅಗತ್ಯತೆಗಳು ಇದೇ ಚೌಕಟ್ಟನ್ನು ಅನುಸರಿಸಿ ರಚಿತವಾಗಿವೆ. ಆದ್ದರಿಂದ ಮೂಲ ಚೌಕಟ್ಟನ್ನು ಅರಿತುಕೊಳ್ಳುವುದು ಭಾರತದ ಅರ್ಜಿದಾರರಿಗೂ ಉಪಯುಕ್ತ.

ಸದರಿ ಚೌಕಟ್ಟಿನಲ್ಲಿ ಟರ್ಬೈನ್ ಎಂಜಿನ್ ವಿಮಾನಗಳಿಗೆ ಸಂಬಂಧಿಸಿದ ಬಿ1.1 ಪ್ರವರ್ಗದ ಪರವಾನಗಿಗಾಗಿ, ಸಂಬಂಧಿತ ತಾಂತ್ರಿಕ ತರಬೇತಿಯಿಲ್ಲದ ಅಭ್ಯರ್ಥಿಯು ಬಳಕೆಯಲ್ಲಿರುವ ವಿಮಾನಗಳ ಮೇಲೆ ಐದು ವರ್ಷಗಳ ಪ್ರಾಯೋಗಿಕ ಅನುಭವವನ್ನು ಹೊಂದಿರಬೇಕು. ಅನುಮೋದಿತ ಸಂಸ್ಥೆಯಲ್ಲಿ ಮೂಲ ತರಬೇತಿಯನ್ನು ಪೂರ್ಣಗೊಳಿಸಿದ ಅಭ್ಯರ್ಥಿಗೆ ಎರಡು ವರ್ಷಗಳ ಅನುಭವ ಸಾಕು. ಅಂದರೆ ಅನುಮೋದಿತ ತರಬೇತಿಗೆ ಮೂರು ವರ್ಷಗಳ ರಿಯಾಯಿತಿ ದೊರೆಯುತ್ತದೆ.

ಈ ರಿಯಾಯಿತಿ ಯಾವ ಆಧಾರದ ಮೇಲೆ ನೀಡಲ್ಪಟ್ಟಿದೆ ಎಂಬುದನ್ನು ಗಮನಿಸಬೇಕು. ಹ್ಯಾಂಗರಿನಲ್ಲಿ ಹಿರಿಯ ಎಂಜಿನಿಯರ್‌ಗಳ ಕೈಕೆಳಗೆ ಮೂರು ವರ್ಷ ದುಡಿದು ಕಲಿಯಬೇಕಾದುದನ್ನು ಸಂಸ್ಥೆಯ ಬೋಧಕರು ಕ್ರಮಬದ್ಧವಾಗಿ ಕಲಿಸುತ್ತಾರೆ, ಪರೀಕ್ಷಕರು ಅದನ್ನು ನಿಷ್ಪಕ್ಷಪಾತವಾಗಿ ಅಳೆಯುತ್ತಾರೆ ಎಂಬ ವಿಶ್ವಾಸವೇ ಅದರ ಆಧಾರ. ಕಟ್ಟಡಕ್ಕಾಗಲಿ, ಪ್ರಯೋಗಾಲಯದಲ್ಲಿ ನಿಲ್ಲಿಸಿದ ಹಳೆಯ ವಿಮಾನಕ್ಕಾಗಲಿ ಈ ರಿಯಾಯಿತಿ ನೀಡಿದ್ದಲ್ಲ. ಬೋಧಕರ ಮತ್ತು ಪರೀಕ್ಷಕರ ಸಾಮರ್ಥ್ಯ ಕುಂದಿದರೆ ರಿಯಾಯಿತಿಯು ಕಾಗದದ ಮೇಲೆ ಹಾಗೆಯೇ ಉಳಿಯುತ್ತದೆ, ಆದರೆ ಅದರ ಹಿಂದಿನ ಆಧಾರ ಕುಸಿದಿರುತ್ತದೆ. ಪರಿಶೋಧನೆಯ ಮಹತ್ವವಿರುವುದು ಇಲ್ಲಿಯೇ.

4. ನಿಯಮಗಳು ವಿಧಿಸಿರುವ ಮುಖ್ಯ ಅಂಶಗಳು

ಭಾಗ-147ರ ಚೌಕಟ್ಟಿನಲ್ಲಿ ಮೂರು ಬಗೆಯ ಸಿಬ್ಬಂದಿಯನ್ನು ಗುರುತಿಸಲಾಗಿದೆ: ಪಾಠ ಹೇಳುವ ಬೋಧಕರು, ಜ್ಞಾನ ಪರೀಕ್ಷೆ ನಡೆಸುವ ಪರೀಕ್ಷಕರು ಮತ್ತು ಕೈಕೆಲಸವನ್ನು ಅಳೆಯುವ ಪ್ರಾಯೋಗಿಕ ಮೌಲ್ಯಮಾಪಕರು. ಇವರಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಕೆಳಕಂಡಂತಿವೆ.

(ಅ) ಮೂರೂ ವರ್ಗದವರ ಅನುಭವ ಮತ್ತು ವಿದ್ಯಾರ್ಹತೆಗಳು ನಿಯಂತ್ರಣ ಪ್ರಾಧಿಕಾರವು ಪ್ರಕಟಿಸಿದ ಅಥವಾ ಒಪ್ಪಿದ ಮಾನದಂಡಕ್ಕೆ ಅನುಗುಣವಾಗಿರತಕ್ಕದ್ದು.

(ಆ) ಪರೀಕ್ಷಕರ ಮತ್ತು ಮೌಲ್ಯಮಾಪಕರ ಹೆಸರುಗಳನ್ನು ಸಂಸ್ಥೆಯ ಕಾರ್ಯವಿಧಾನ ಕೈಪಿಡಿಯಲ್ಲಿ ನಮೂದಿಸಿ ಪ್ರಾಧಿಕಾರದ ಒಪ್ಪಿಗೆ ಪಡೆಯತಕ್ಕದ್ದು.

(ಇ) ಬೋಧಕರು ಮತ್ತು ಜ್ಞಾನ ಪರೀಕ್ಷಕರು ಕನಿಷ್ಠ 24 ತಿಂಗಳಿಗೊಮ್ಮೆ ಪುನಶ್ಚೇತನ ತರಬೇತಿ ಪಡೆಯತಕ್ಕದ್ದು. ಪ್ರಸ್ತುತ ತಂತ್ರಜ್ಞಾನ, ಪ್ರಾಯೋಗಿಕ ಕೌಶಲ, ಮಾನವ ಅಂಶಗಳು ಮತ್ತು ಇತ್ತೀಚಿನ ಬೋಧನಾ ವಿಧಾನಗಳು ಅದರಲ್ಲಿ ಒಳಗೊಂಡಿರಬೇಕು. ಇದರ ಅವಧಿ ಸಾಮಾನ್ಯವಾಗಿ 35 ಗಂಟೆಗಳು ಎಂದು ಮಾರ್ಗಸೂಚಿ ತಿಳಿಸುತ್ತದೆ.

(ಈ) ಸಿದ್ಧಾಂತ ತರಗತಿಯೊಂದರಲ್ಲಿ 28ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು. ಪ್ರಾಯೋಗಿಕ ತರಬೇತಿಯಲ್ಲಿ ಒಬ್ಬ ಮೇಲ್ವಿಚಾರಕ ಅಥವಾ ಮೌಲ್ಯಮಾಪಕರಿಗೆ 15ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು.

(ಉ) ಪರೀಕ್ಷೆಯ ವೇಳೆ ಪರೀಕ್ಷಕರೇ ಉತ್ತರಗಳನ್ನು ತಿಳಿಸಿದ್ದು ಕಂಡುಬಂದರೆ ಅವರನ್ನು ಅನರ್ಹಗೊಳಿಸಿ, ಪರೀಕ್ಷೆಯನ್ನು ಅಸಿಂಧುವೆಂದು ಘೋಷಿಸತಕ್ಕದ್ದು. ನಕಲು ಮಾಡಿದ ವಿದ್ಯಾರ್ಥಿಯು ಕನಿಷ್ಠ 12 ತಿಂಗಳ ಕಾಲ ಮರುಪರೀಕ್ಷೆಗೆ ಕುಳಿತುಕೊಳ್ಳುವಂತಿಲ್ಲ.

(ಊ) ತರಬೇತಿಯ ಮಟ್ಟ, ಪರೀಕ್ಷೆಗಳ ಪ್ರಾಮಾಣಿಕತೆ ಮತ್ತು ಕಾರ್ಯವಿಧಾನಗಳ ಪಾಲನೆಯನ್ನು ಗಮನಿಸಲು ಸಂಸ್ಥೆಯೊಳಗೆ ಸ್ವತಂತ್ರ ಪರಿಶೋಧನಾ ವ್ಯವಸ್ಥೆ ಇರತಕ್ಕದ್ದು. ನಿಯಮಗಳ ಎಲ್ಲ ಅಂಶಗಳೂ 12 ತಿಂಗಳಿಗೊಮ್ಮೆಯಾದರೂ ಪರಿಶೀಲನೆಗೆ ಒಳಪಡಬೇಕು.

ಗಮನಾರ್ಹವಾದ ಇನ್ನೊಂದು ಅಂಶವೆಂದರೆ, ಅರ್ಹತೆಯಿದ್ದಲ್ಲಿ ಒಬ್ಬನೇ ವ್ಯಕ್ತಿ ಬೋಧಕನೂ ಪರೀಕ್ಷಕನೂ ಮೌಲ್ಯಮಾಪಕನೂ ಆಗಿರಲು ನಿಯಮವು ಅವಕಾಶ ನೀಡಿದೆ. ಸಣ್ಣ ಸಂಸ್ಥೆಗಳ ದೃಷ್ಟಿಯಿಂದ ಇದು ಅನಿವಾರ್ಯವಿರಬಹುದು. ಆದರೆ ತಾನು ಕಲಿಸಿದ ವಿದ್ಯಾರ್ಥಿಗೆ ತಾನೇ ಅಂಕ ನೀಡುವವನು ತನ್ನ ಬೋಧನೆಗೂ ಅಂಕ ನೀಡಿಕೊಂಡಂತಾಗುತ್ತದೆ. ಈ ಸಂದರ್ಭದಲ್ಲಿ ಸ್ವತಂತ್ರ ಪರಿಶೋಧನೆಯೊಂದೇ ಉಳಿಯುವ ರಕ್ಷಣೆ.

5. ಪರಿಶೋಧನೆಯ ಮೂರು ಹಂತಗಳು

ಆಡಿಟ್ ಎಂದೇ ರೂಢಿಯಲ್ಲಿರುವ ಪರಿಶೋಧನೆಯು ಹೆಚ್ಚಿನ ಸಂದರ್ಭಗಳಲ್ಲಿ ಕಡತಗಳ ಪರಿಶೀಲನೆಯಿಂದ ಆರಂಭವಾಗುತ್ತದೆ. ಅದು ಅಲ್ಲಿಯೇ ಮುಕ್ತಾಯವಾದರೆ ಸಾಲದು.

ಮೊದಲನೆಯ ಹಂತ ದಾಖಲೆಗಳದ್ದು. ಬೋಧಕರ ವಿದ್ಯಾರ್ಹತೆ, ಹಿಂದಿನ ಅನುಭವ, ಪಡೆದ ತರಬೇತಿ, ಬೋಧಿಸಲು ಅನುಮತಿಯಿರುವ ವಿಷಯಗಳು ಮತ್ತು ಪುನಶ್ಚೇತನ ತರಬೇತಿಯ ದಿನಾಂಕಗಳನ್ನು ಇಲ್ಲಿ ನೋಡಲಾಗುತ್ತದೆ. ಅಪೂರ್ಣ ಕಡತವು ದೋಷವನ್ನು ತೋರಿಸುತ್ತದೆ. ಆದರೆ ಪೂರ್ಣವಾದ ಕಡತವು ಸಾಮರ್ಥ್ಯವನ್ನು ತೋರಿಸುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಹ್ಯಾಂಗರ್ ಬಿಟ್ಟ ಎಂಜಿನಿಯರ್ ಒಬ್ಬರು 35 ಗಂಟೆಗಳ ತರಬೇತಿಗೆ ಹಾಜರಾಗಿ ಸಹಿ ಹಾಕಿದ್ದಾರೆ ಎಂಬುದಷ್ಟೇ ಕಡತದಿಂದ ತಿಳಿಯುತ್ತದೆ. ಈ ಅವಧಿಯಲ್ಲಿ ವಿಮಾನಗಳ ಹೊರಮೈ ಲೋಹದಿಂದ ಸಂಯುಕ್ತ ವಸ್ತುಗಳತ್ತ ಸಾಗಿರುವುದನ್ನು, ದೋಷಪತ್ತೆಯು ಗಣಕ ವ್ಯವಸ್ಥೆಗಳ ಮೂಲಕ ನಡೆಯುತ್ತಿರುವುದನ್ನು ಅವರು ತಮ್ಮ ಪಾಠದಲ್ಲಿ ಅಳವಡಿಸಿಕೊಂಡಿದ್ದಾರೆಯೇ ಎಂಬುದು ತಿಳಿಯುವುದಿಲ್ಲ.

ಎರಡನೆಯ ಹಂತ ಪ್ರತ್ಯಕ್ಷ ವೀಕ್ಷಣೆಯದ್ದು. ಪರಿಶೋಧಕರು ತರಗತಿಯಲ್ಲಿ ಕುಳಿತು ಪಾಠ ಕೇಳುವುದು, ಕಾರ್ಯಾಗಾರದಲ್ಲಿ ನಿಂತು ಮೌಲ್ಯಮಾಪನವನ್ನು ನೋಡುವುದು ಈ ಹಂತದ ಕೆಲಸ. ಪಠ್ಯಕ್ರಮದಲ್ಲಿ ಪ್ರತಿಯೊಂದು ವಿಷಯಕ್ಕೂ 1, 2 ಅಥವಾ 3 ಎಂಬ ಜ್ಞಾನಮಟ್ಟವನ್ನು ನಿಗದಿಪಡಿಸಲಾಗಿರುತ್ತದೆ. ಮೂರನೆಯ ಮಟ್ಟದ ವಿಷಯವನ್ನು ವಿದ್ಯಾರ್ಥಿಯು ವಿವರವಾಗಿ ತಿಳಿದು ಅನ್ವಯಿಸಬಲ್ಲವನಾಗಿರಬೇಕು. ಅಂತಹ ವಿಷಯವನ್ನು ಬೋಧಕರು ಟಿಪ್ಪಣಿ ಬರೆಸಿ ಮುಗಿಸುತ್ತಿದ್ದರೆ ಅದು ಕಡತದಲ್ಲಿ ಕಾಣದು, ತರಗತಿಯಲ್ಲಿ ಹತ್ತೇ ನಿಮಿಷಗಳಲ್ಲಿ ಕಾಣುತ್ತದೆ. ಈ ಕಾರಣದಿಂದಲೇ ಯುರೋಪಿನ ಚೌಕಟ್ಟಿನಲ್ಲಿ ಪ್ರಾಧಿಕಾರವು 24 ತಿಂಗಳು ಮೀರದ ಅವಧಿಯಲ್ಲಿ ಪ್ರತಿ ಸಂಸ್ಥೆಯನ್ನು ಸಂಪೂರ್ಣವಾಗಿ ಪರಿಶೋಧಿಸಬೇಕೆಂದೂ ಅದರಲ್ಲಿ ಕನಿಷ್ಠ ಒಂದು ತರಬೇತಿ ಮತ್ತು ಒಂದು ಪರೀಕ್ಷೆಯನ್ನು ಪ್ರತ್ಯಕ್ಷವಾಗಿ ವೀಕ್ಷಿಸಬೇಕೆಂದೂ ವಿಧಿಸಲಾಗಿದೆ.

ಮೂರನೆಯ ಹಂತ ಫಲಿತಾಂಶಗಳ ವಿಶ್ಲೇಷಣೆಯದ್ದು. ಬಹು ಆಯ್ಕೆಯ ಪ್ರಶ್ನೆಗೆ ಮೂರು ಉತ್ತರಗಳನ್ನು ನೀಡಲಾಗುತ್ತದೆ. ಪ್ರತಿ ಪ್ರಶ್ನೆಗೆ ಸರಾಸರಿ 75 ಸೆಕೆಂಡುಗಳ ಕಾಲಾವಕಾಶವಿದ್ದು, ಉತ್ತೀರ್ಣತೆಗೆ ಶೇಕಡಾ 75 ಅಂಕಗಳು ಬೇಕು. ಏನೂ ತಿಳಿಯದವನು ಊಹೆಯಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಶ್ನೆಗಳಿಗೆ ಸರಿಯುತ್ತರ ನೀಡಬಲ್ಲನು. ಕಠಿಣವಾದ ಪ್ರಶ್ನೆಯೊಂದಕ್ಕೆ ಇಡೀ ತರಗತಿಯೇ ಸರಿಯುತ್ತರ ನೀಡಿದ್ದರೆ, ಬೋಧನೆ ಉತ್ತಮವಾಗಿರಬಹುದು, ತಪ್ಪು ಉತ್ತರಗಳನ್ನು ಸುಲಭವಾಗಿ ತಳ್ಳಿಹಾಕುವಂತೆ ಪ್ರಶ್ನೆ ರಚಿಸಿರಬಹುದು ಅಥವಾ ಪ್ರಶ್ನೆ ಮೊದಲೇ ಸೋರಿಕೆಯಾಗಿರಬಹುದು. ಈ ಮೂರರಲ್ಲಿ ಯಾವುದು ನಿಜವೆಂಬುದನ್ನು ಕಂಡುಕೊಳ್ಳುವುದು ಪರಿಶೋಧಕರ ಕರ್ತವ್ಯ. ಅದೇ ಪ್ರಶ್ನೆಗಳು ಪ್ರತಿ ತಂಡಕ್ಕೂ ಮರುಕಳಿಸುತ್ತಿವೆಯೇ, ಒಬ್ಬ ಪರೀಕ್ಷಕರ ಬಳಿ ಎಲ್ಲರೂ ಉತ್ತೀರ್ಣರಾಗಿ ಇನ್ನೊಬ್ಬರ ಬಳಿ ಹಲವರು ಅನುತ್ತೀರ್ಣರಾಗುತ್ತಿದ್ದಾರೆಯೇ ಎಂಬುದನ್ನೂ ಇಲ್ಲಿ ಗಮನಿಸಬೇಕು.

6. ಪರೀಕ್ಷಕರು ತಪ್ಪಿದಾಗ ಆಗುವ ಪರಿಣಾಮ

ಅಮೆರಿಕದಲ್ಲಿ ವಿಮಾನ ಮೆಕ್ಯಾನಿಕ್‌ಗಳ ಮೌಖಿಕ ಮತ್ತು ಪ್ರಾಯೋಗಿಕ ಪರೀಕ್ಷೆಗಳನ್ನು ಸರ್ಕಾರವು ನಿಯೋಜಿಸಿದ ಖಾಸಗಿ ಪರೀಕ್ಷಕರು ನಡೆಸುವ ಪದ್ಧತಿಯಿದೆ. 1990ರ ದಶಕದ ಕೊನೆಯ ಭಾಗದಲ್ಲಿ ಫ್ಲೋರಿಡಾ ರಾಜ್ಯದ ಸ್ಯಾನ್‌ಫರ್ಡ್ ಪಟ್ಟಣದಲ್ಲಿದ್ದ ಸಂಸ್ಥೆಯೊಂದರಲ್ಲಿ, ಪರೀಕ್ಷೆಗಳನ್ನು ಸರಿಯಾಗಿ ನಡೆಸದೆಯೇ ಅಭ್ಯರ್ಥಿಗಳನ್ನು ಉತ್ತೀರ್ಣರೆಂದು ಪ್ರಮಾಣೀಕರಿಸುತ್ತಿದ್ದುದು ಬೆಳಕಿಗೆ ಬಂದು ಕ್ರಿಮಿನಲ್ ಪ್ರಕರಣವಾಯಿತು. ಅಲ್ಲಿಂದ ಪ್ರಮಾಣಪತ್ರ ಪಡೆದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಮರುಪರೀಕ್ಷೆಗೆ ಒಳಪಡಿಸಬೇಕಾದ ಪರಿಸ್ಥಿತಿ ಅಮೆರಿಕದ ವಿಮಾನಯಾನ ಆಡಳಿತಕ್ಕೆ ಒದಗಿತು.

ಆ ಪಟ್ಟಿಯಲ್ಲಿದ್ದವರೆಲ್ಲರೂ ಅಪ್ರಾಮಾಣಿಕರಾಗಿದ್ದರೆಂದು ಭಾವಿಸಲು ಕಾರಣವಿಲ್ಲ. ಕಷ್ಟಪಟ್ಟು ಓದಿದವರ ಪ್ರಮಾಣಪತ್ರಕ್ಕೂ ಓದದೆ ಪಡೆದವರ ಪ್ರಮಾಣಪತ್ರಕ್ಕೂ ಇದ್ದುದು ಒಂದೇ ಸಹಿ. ಆ ಸಹಿಯ ವಿಶ್ವಾಸಾರ್ಹತೆ ಹೋದಾಗ ಪ್ರಾಮಾಣಿಕರೂ ತಮ್ಮ ಅರ್ಹತೆಯನ್ನು ಮತ್ತೊಮ್ಮೆ ಸಾಬೀತುಪಡಿಸಬೇಕಾಯಿತು. ಪರೀಕ್ಷಕರ ಪರಿಶೋಧನೆಯು ಕಟ್ಟುನಿಟ್ಟಾಗಿ ನಡೆಯುವುದು ವಿದ್ಯಾರ್ಥಿಗಳಿಗೆ ತೊಂದರೆಯೆಂದು ಭಾವಿಸುವವರು ಈ ಪ್ರಕರಣವನ್ನು ಗಮನಿಸಬೇಕು. ಸಡಿಲವಾದ ಪರೀಕ್ಷೆಯಿಂದ ಹೆಚ್ಚಿನ ನಷ್ಟ ಅನುಭವಿಸುವವರು ಪ್ರಾಮಾಣಿಕ ವಿದ್ಯಾರ್ಥಿಗಳೇ ಆಗಿದ್ದಾರೆ.

ಯುರೋಪಿನ ಚೌಕಟ್ಟು ಇದೇ ವಿಚಾರವನ್ನು ಗಂಭೀರವಾಗಿ ಪರಿಗಣಿಸಿದೆ. ಪರೀಕ್ಷೆಯನ್ನೇ ಅಸಿಂಧುಗೊಳಿಸುವಂತಹ ಲೋಪವನ್ನು ಅದು ಮೊದಲ ದರ್ಜೆಯ ಲೋಪವೆಂದು ವರ್ಗೀಕರಿಸುತ್ತದೆ. ಲಿಖಿತ ಸೂಚನೆಯ ನಂತರ ಮೂರು ದಿನಗಳೊಳಗೆ ಅದನ್ನು ಸರಿಪಡಿಸದಿದ್ದಲ್ಲಿ ಅನುಮೋದನೆಯನ್ನು ರದ್ದುಪಡಿಸಲು, ಅಮಾನತ್ತಿನಲ್ಲಿಡಲು ಅಥವಾ ಸೀಮಿತಗೊಳಿಸಲು ಅವಕಾಶವಿದೆ.

7. ಪ್ರಮಾಣಪತ್ರವಿದ್ದೂ ಸಂಭವಿಸುವ ತಪ್ಪುಗಳು

ದಿನಾಂಕ 10-6-1990ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾ ನಗರಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಮುಂಭಾಗದ ಗಾಜು ಆಕಾಶದಲ್ಲಿ ಕಳಚಿಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟರು. ಸಿಬ್ಬಂದಿ ಅವರನ್ನು ಹಿಡಿದುಕೊಂಡಿರುವಂತೆಯೇ ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕುಳಿದರು.

ಹಾರಾಟಕ್ಕೆ ಸುಮಾರು 27 ಗಂಟೆಗಳ ಮೊದಲು ಆ ಗಾಜನ್ನು ಬದಲಾಯಿಸಲಾಗಿತ್ತು. ಅದನ್ನು ಹಿಡಿದಿಟ್ಟ 90 ಬೋಲ್ಟ್‌ಗಳ ಪೈಕಿ 84ರ ವ್ಯಾಸ ನಿಗದಿತ ಅಳತೆಗಿಂತ 0.026 ಅಂಗುಲ, ಅಂದರೆ ಸುಮಾರು 0.66 ಮಿಲಿಮೀಟರ್ ಕಡಿಮೆಯಿತ್ತು. ಉಳಿದ ಆರರ ಉದ್ದ ಕಡಿಮೆಯಿತ್ತು. ಕೆಲಸ ಮಾಡಿದವರು ಅನುಭವಿ, ಒಳ್ಳೆಯ ಹೆಸರಿದ್ದ ಪಾಳಿ ವ್ಯವಸ್ಥಾಪಕರು. ಅವರು ಬಿಡಿಭಾಗಗಳ ಪಟ್ಟಿಯನ್ನು ನೋಡುವ ಬದಲು, ತೆಗೆದ ಹಳೆಯ ಬೋಲ್ಟ್ ಅನ್ನು ಹೊಸದರೊಂದಿಗೆ ಕಣ್ಣಳತೆಯಿಂದ ಹೋಲಿಸಿ ಆಯ್ಕೆ ಮಾಡಿದ್ದರು. ಹಿಂದೆ ಅಳವಡಿಸಲಾಗಿದ್ದ ಬೋಲ್ಟ್‌ಗಳೇ ಸರಿಯಾದುವಾಗಿರಲಿಲ್ಲ ಎಂಬುದು ತನಿಖೆಯಲ್ಲಿ ತಿಳಿದುಬಂದಿತು.

ತರಬೇತಿಯ ಪರಿಶೋಧನೆಗೆ ಈ ಘಟನೆಯಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ಬಿಡಿಭಾಗದ ಸಂಖ್ಯೆಯನ್ನು ಪಟ್ಟಿಯಲ್ಲಿ ನೋಡಬೇಕೇ ಎಂಬ ಪ್ರಶ್ನೆಯನ್ನು ಲಿಖಿತ ಪರೀಕ್ಷೆಯಲ್ಲಿ ಕೇಳಿದ್ದರೆ ಆ ವ್ಯವಸ್ಥಾಪಕರೂ ಸರಿಯುತ್ತರವನ್ನೇ ನೀಡುತ್ತಿದ್ದರು. ತಿಳಿವಳಿಕೆಗೂ ರೂಢಿಗೂ ಇರುವ ಅಂತರವನ್ನು ಲಿಖಿತ ಪರೀಕ್ಷೆ ಅಳೆಯಲಾರದು. ವಿದ್ಯಾರ್ಥಿಯು ಉಪಕರಣಗಳನ್ನು ಸಮರ್ಥವಾಗಿ ಬಳಸುತ್ತಾನೆಯೇ ಹಾಗೂ ನಿರ್ವಹಣಾ ಕೈಪಿಡಿಗಳ ಪ್ರಕಾರ ಕೆಲಸ ಮಾಡುತ್ತಾನೆಯೇ ಎಂಬುದನ್ನು ಪ್ರಾಯೋಗಿಕ ಮೌಲ್ಯಮಾಪನವು ನಿರ್ಧರಿಸಬೇಕೆಂದು ನಿಯಮವು ಹೇಳುವುದು ಈ ಕಾರಣಕ್ಕಾಗಿಯೇ. ಕಾರ್ಯಾಗಾರದಲ್ಲಿ ಬೋಧಕರೇ ಕೈಪಿಡಿಯನ್ನು ತೆರೆಯದೆ ನೆನಪಿನಿಂದ ಟಾರ್ಕ್ ಮೌಲ್ಯ ಹೇಳಿದರೆ ವಿದ್ಯಾರ್ಥಿಗಳು ಕಲಿಯುವುದು ಆ ರೂಢಿಯನ್ನೇ.

ಅಮೆರಿಕದಲ್ಲಿ ಈಚಿನ ಬದಲಾವಣೆಯೂ ಇದೇ ದಿಕ್ಕಿನದು. ಅಲ್ಲಿ ಒಟ್ಟು 1,900 ಗಂಟೆಗಳ ತರಬೇತಿಯನ್ನು ಕಡ್ಡಾಯಗೊಳಿಸಿದ್ದ ಹಳೆಯ ನಿಯಮವನ್ನು ದಿನಾಂಕ 21-9-2022ರಿಂದ ಕೈಬಿಟ್ಟು, ಅಭ್ಯರ್ಥಿಯು ಏನನ್ನು ತಿಳಿದಿರಬೇಕು ಮತ್ತು ಏನನ್ನು ಮಾಡಬಲ್ಲವನಾಗಿರಬೇಕು ಎಂಬ ಮಾನದಂಡವನ್ನು ಆಧಾರವಾಗಿ ಸ್ವೀಕರಿಸಲಾಗಿದೆ. ಗಂಟೆಗಳನ್ನು ಎಣಿಸುವುದು ಸುಲಭ, ಸಾಮರ್ಥ್ಯವನ್ನು ಅಳೆಯುವುದು ಕಷ್ಟ. ಆದ್ದರಿಂದ ಈ ಪದ್ಧತಿಯಲ್ಲಿ ಪರೀಕ್ಷಕರ ಹೊಣೆ ಮತ್ತಷ್ಟು ಹೆಚ್ಚುತ್ತದೆ.

8. ಪರಿಶೋಧಕರ ಪರಿಶೋಧನೆ

ಪರಿಶೋಧಿಸುವ ಪ್ರಾಧಿಕಾರವೂ ಪರಿಶೋಧನೆಗೆ ಹೊರತಾದುದಲ್ಲ. ದಿನಾಂಕ 31-1-2014ರಂದು ಅಮೆರಿಕದ ವಿಮಾನಯಾನ ಆಡಳಿತವು ಭಾರತದ ಸುರಕ್ಷತಾ ಮೇಲ್ವಿಚಾರಣೆಯ ಶ್ರೇಣಿಯನ್ನು ಎರಡನೆಯ ವರ್ಗಕ್ಕೆ ಇಳಿಸಿತು. ಅರ್ಹ ತಾಂತ್ರಿಕ ಪರಿಶೀಲಕರ ಕೊರತೆಯು ಅದಕ್ಕೆ ಸಂಬಂಧಿಸಿದ ಮುಖ್ಯ ಆಕ್ಷೇಪಗಳಲ್ಲಿ ಒಂದಾಗಿತ್ತು. ಇದರಿಂದ ಭಾರತೀಯ ವಿಮಾನ ಸಂಸ್ಥೆಗಳು ಅಮೆರಿಕಕ್ಕೆ ಹೊಸ ಸೇವೆಗಳನ್ನು ಆರಂಭಿಸುವಂತಿರಲಿಲ್ಲ. ಲೋಪಗಳನ್ನು ಸರಿಪಡಿಸಿದ ನಂತರ ದಿನಾಂಕ 8-4-2015ರಂದು ಮೊದಲನೆಯ ವರ್ಗವನ್ನು ಮರಳಿ ನೀಡಲಾಯಿತು. 2022ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ನಡೆಸಿದ ಪರಿಶೋಧನೆಯಲ್ಲಿ ಭಾರತದ ಅನುಷ್ಠಾನದ ಪ್ರಮಾಣವು ಶೇಕಡಾ 85.65 ಎಂದು ದಾಖಲಾಯಿತು. 2018ರಲ್ಲಿ ಅದು ಶೇಕಡಾ 69.95 ಇತ್ತು.

ಹೊರಗಿನವರ ಪರಿಶೀಲನೆಯು ಅವಮಾನವಲ್ಲ, ಸುಧಾರಣೆಗೆ ದಾರಿ ಎಂಬುದನ್ನು ಈ ಬೆಳವಣಿಗೆ ತೋರಿಸುತ್ತದೆ. ತರಬೇತಿ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಲೋಪಗಳೇ ಇಲ್ಲದ ಪರಿಶೋಧನಾ ವರದಿಗಿಂತ, ಲೋಪವನ್ನು ಗುರುತಿಸಿ ಅದನ್ನು ಸರಿಪಡಿಸಿದ ದಿನಾಂಕವನ್ನು ದಾಖಲಿಸಿದ ವರದಿ ಹೆಚ್ಚು ನಂಬಿಕೆಗೆ ಅರ್ಹವಾದುದು.

9. ಭಾರತದ ಸಂದರ್ಭದಲ್ಲಿ ಗಮನಿಸಬೇಕಾದ ಕೊಂಡಿ

ಭಾರತದಲ್ಲಿ ಪರವಾನಗಿಗೆ ಅಗತ್ಯವಾದ ಮಾಡ್ಯೂಲ್ ಪರೀಕ್ಷೆಗಳನ್ನು ಮಹಾನಿರ್ದೇಶನಾಲಯದ ಕೇಂದ್ರೀಯ ಪರೀಕ್ಷಾ ಘಟಕವು ನಡೆಸುತ್ತದೆ. ಇದರಿಂದ ಲಿಖಿತ ಪರೀಕ್ಷೆಯ ಮಟ್ಟಿಗೆ ತರಬೇತಿ ಸಂಸ್ಥೆಯ ಪ್ರಭಾವ ಕಡಿಮೆಯಾಗುತ್ತದೆ. ಆದರೆ ಸಂಸ್ಥೆಯ ಆಂತರಿಕ ಪರೀಕ್ಷೆಗಳು ಮತ್ತು ಕಾರ್ಯಾಗಾರದ ಪ್ರಾಯೋಗಿಕ ಮೌಲ್ಯಮಾಪನವು ಸಂಸ್ಥೆಯ ಸಿಬ್ಬಂದಿಯ ಕೈಯಲ್ಲಿಯೇ ಇರುತ್ತದೆ. ಯುರೋಪಿನ ಚೌಕಟ್ಟಿನಲ್ಲಿ ಬಿ1.1 ಮೂಲ ತರಬೇತಿಯ ಅವಧಿ 2,400 ಗಂಟೆಗಳಾಗಿದ್ದು, ಅದರಲ್ಲಿ ಸಿದ್ಧಾಂತದ ಪಾಲು ಶೇಕಡಾ 50ರಿಂದ 60ರಷ್ಟು ಮಾತ್ರ. ಉಳಿದುದು ಕೈಕೆಲಸ. ಕೇಂದ್ರೀಯ ಪರೀಕ್ಷೆಯು ತಲುಪದಿರುವುದು ಈ ಭಾಗವನ್ನೇ. ಆದ್ದರಿಂದ ಪ್ರಾಯೋಗಿಕ ಮೌಲ್ಯಮಾಪಕರ ಪರಿಶೋಧನೆಗೆ ಹೆಚ್ಚಿನ ಗಮನ ನೀಡುವುದು ಅಪೇಕ್ಷಣೀಯ.

ಇದರೊಂದಿಗೆ ಇನ್ನೊಂದು ವಿಚಾರವಿದೆ. ಕೇಂದ್ರೀಯ ಲಿಖಿತ ಪರೀಕ್ಷೆಯ ಫಲಿತಾಂಶವೇ ಸಂಸ್ಥೆಯ ಪ್ರಚಾರಕ್ಕೆ ಆಧಾರವಾದಾಗ, ಹಳೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವ ಕಡೆಗೆ ಬೋಧನೆ ವಾಲುವ ಸಂಭವವಿದೆ. ಅಂತಹ ಬೋಧನೆಯಿಂದ ಪರೀಕ್ಷೆ ಉತ್ತೀರ್ಣವಾಗಬಹುದು. ರಾತ್ರಿ ಪಾಳಿಯಲ್ಲಿ ವಿಮಾನದ ಪಕ್ಕದಲ್ಲಿ ನಿಂತಾಗ ಎದುರಾಗುವ ದೋಷವು ಮೂರು ಆಯ್ಕೆಗಳೊಂದಿಗೆ ಬರುವುದಿಲ್ಲ.

10. ಅರ್ಜಿದಾರರು ಪರಿಶೀಲಿಸಬೇಕಾದ ಅಂಶಗಳು

ಶುಲ್ಕ ಪಾವತಿಸುವ ಮುನ್ನ ಕೆಳಕಂಡ ಅಂಶಗಳನ್ನು ಪರಿಶೀಲಿಸುವಂತೆ ಅರ್ಜಿದಾರರಿಗೆ ಹಾಗೂ ಪೋಷಕರಿಗೆ ಸಲಹೆ ನೀಡಲಾಗಿದೆ.

(1) ಸಂಸ್ಥೆಗೆ ಸಿ.ಎ.ಆರ್.-147 ಅಡಿಯಲ್ಲಿ ಅನುಮೋದನೆಯಿದೆಯೇ, ಅದು ಯಾವ ಪ್ರವರ್ಗಕ್ಕೆ ಮತ್ತು ಎಂದಿನವರೆಗೆ ಊರ್ಜಿತವಾಗಿದೆ ಎಂಬುದನ್ನು ಮಹಾನಿರ್ದೇಶನಾಲಯವು ಪ್ರಕಟಿಸುವ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಈ ಅನುಮೋದನೆಯನ್ನು ನೀಡುವ ಅಧಿಕಾರ ಸದರಿ ಮಹಾನಿರ್ದೇಶನಾಲಯದ್ದು. ವಿಶ್ವವಿದ್ಯಾಲಯದ ಸಂಯೋಜನೆಯಾಗಲಿ, ಇತರೆ ನೋಂದಣಿಯಾಗಲಿ ಅದಕ್ಕೆ ಪರ್ಯಾಯವಲ್ಲ.

(2) ತಾವು ಆಯ್ಕೆ ಮಾಡುವ ಪ್ರವರ್ಗದ ವಿಷಯಗಳನ್ನು ಬೋಧಿಸುವವರ ಪರವಾನಗಿ ಮತ್ತು ಅನುಭವದ ವಿವರಗಳನ್ನು ಕೇಳಬೇಕು. ಕೊನೆಯ ಪುನಶ್ಚೇತನ ತರಬೇತಿಯ ದಿನಾಂಕವನ್ನೂ ವಿಚಾರಿಸಬೇಕು.

(3) ಬೋಧಕರೇ ಮೌಲ್ಯಮಾಪಕರೂ ಆಗಿದ್ದಾರೆಯೇ, ಹಾಗಿದ್ದಲ್ಲಿ ಅವರ ಮೌಲ್ಯಮಾಪನವನ್ನು ಮತ್ತೊಬ್ಬರು ಪರಿಶೀಲಿಸುವ ವ್ಯವಸ್ಥೆ ಇದೆಯೇ ಎಂಬುದನ್ನು ತಿಳಿದುಕೊಳ್ಳಬೇಕು.

(4) ಸಾಧ್ಯವಾದಲ್ಲಿ ತರಗತಿ ನಡೆಯುವ ದಿನವೇ ಸಂಸ್ಥೆಗೆ ಭೇಟಿ ನೀಡಿ ತರಗತಿಯಲ್ಲಿ ಮತ್ತು ಕಾರ್ಯಾಗಾರದಲ್ಲಿ ಇರುವ ವಿದ್ಯಾರ್ಥಿಗಳ ಸಂಖ್ಯೆಯನ್ನು ಗಮನಿಸಬೇಕು. ಕಾರ್ಯಾಗಾರದಲ್ಲಿ ನಿರ್ವಹಣಾ ಕೈಪಿಡಿಗಳು ಬಳಕೆಯಲ್ಲಿವೆಯೇ, ಬೀಗ ಹಾಕಿದ ಕಪಾಟಿನಲ್ಲಿವೆಯೇ ಎಂಬುದನ್ನು ನೋಡಬೇಕು.

(5) ಪ್ರಾಯೋಗಿಕ ತರಬೇತಿಗೆ ಬಳಕೆಯಲ್ಲಿರುವ ವಿಮಾನಗಳ ನಿರ್ವಹಣಾ ಸ್ಥಳಕ್ಕೆ ಕಳುಹಿಸಲಾಗುತ್ತದೆಯೇ, ಎಷ್ಟು ಅವಧಿಗೆ, ಅಲ್ಲಿ ಮಾಡಿದ ಕೆಲಸಗಳಿಗೆ ಸಹಿ ಹಾಕುವವರು ಯಾರು ಎಂಬುದನ್ನು ಲಿಖಿತವಾಗಿ ಪಡೆಯಬೇಕು.

(6) ಮಾಡದ ಕೆಲಸವನ್ನು ಕಾರ್ಯದಾಖಲೆ ಪುಸ್ತಕದಲ್ಲಿ ಬರೆಯುವಂತೆ ಯಾರೇ ಸೂಚಿಸಿದರೂ ಒಪ್ಪತಕ್ಕದ್ದಲ್ಲ. ಆ ದಾಖಲೆಯ ಕೆಳಗೆ ವಿದ್ಯಾರ್ಥಿಯ ಹೆಸರೂ ಇರುತ್ತದೆ.

(7) ಪರೀಕ್ಷೆಯಲ್ಲಿ ಅಕ್ರಮ ಕಂಡುಬಂದಲ್ಲಿ ಮಹಾನಿರ್ದೇಶನಾಲಯಕ್ಕೆ ಲಿಖಿತ ದೂರು ಸಲ್ಲಿಸಬಹುದು. ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ನಿವಾರಣಾ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದು.

(8) ಸಂಸ್ಥೆಯ ಅನುಮೋದನೆ ಮತ್ತು ಪರಿಶೋಧನೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ, ಅಧಿನಿಯಮದಲ್ಲಿನ ವಿನಾಯಿತಿಗಳಿಗೆ ಒಳಪಟ್ಟು, ಕೋರಲು ನಾಗರಿಕರಿಗೆ ಹಕ್ಕಿದೆ. ಇದಕ್ಕೆ ಉತ್ತರ ನೀಡಲು ಸಾಮಾನ್ಯವಾಗಿ 30 ದಿನಗಳ ಕಾಲಮಿತಿಯಿದೆ.

11. ಉಪಸಂಹಾರ

ಅನುಮೋದನೆ ಪತ್ರವು ಸಂಸ್ಥೆಗೆ ನೀಡಿದ್ದು. ವಿದ್ಯಾರ್ಥಿಯನ್ನು ಎಂಜಿನಿಯರನ್ನಾಗಿ ರೂಪಿಸುವವರು ವ್ಯಕ್ತಿಗಳು. ಸಂಸ್ಥೆಯ ಗೋಡೆಗೆ ತೂಗುಹಾಕಿದ ಪತ್ರವನ್ನು ನೋಡಿ ತೃಪ್ತರಾಗದೆ, ಆ ವ್ಯಕ್ತಿಗಳ ಸಾಮರ್ಥ್ಯವನ್ನು ಕಡತದಲ್ಲಿಯೂ ಕೆಲಸದಲ್ಲಿಯೂ ಫಲಿತಾಂಶದಲ್ಲಿಯೂ ನೋಡುವ ಪರಿಶೋಧನೆಯೇ ಪರಿಪೂರ್ಣವಾದುದು. ಪ್ರಾಧಿಕಾರದ ಪರಿಶೋಧಕರು ವರ್ಷಕ್ಕೋ ಎರಡು ವರ್ಷಗಳಿಗೋ ಒಮ್ಮೆ ಬರುತ್ತಾರೆ. ವಿದ್ಯಾರ್ಥಿಗಳು ಪ್ರತಿದಿನ ಅಲ್ಲಿರುತ್ತಾರೆ. ಪಾಠ ನಡೆಯದ ದಿನವನ್ನು, ಮಾಡದೆಯೇ ಸಹಿಯಾದ ಕೆಲಸವನ್ನು ಮೊದಲು ತಿಳಿಯುವವರು ಅವರೇ. ಆದ್ದರಿಂದ ಅರ್ಜಿದಾರರು ಪ್ರವೇಶದ ಸಮಯದಲ್ಲಿ ಪ್ರಶ್ನಿಸುವುದರ ಜೊತೆಗೆ, ತರಬೇತಿಯ ಅವಧಿಯುದ್ದಕ್ಕೂ ತಮಗೆ ಸಲ್ಲಬೇಕಾದ ಬೋಧನೆಯನ್ನು ಕೇಳಿ ಪಡೆಯಬೇಕೆಂದು ಈ ಮೂಲಕ ಕೋರಲಾಗಿದೆ. ಮುಂದೊಂದು ದಿನ ವಿಮಾನವೊಂದರ ದಾಖಲೆಯ ಮೇಲೆ ಅವರು ಹಾಕುವ ಸಹಿಗೆ ಅವರೇ ಜವಾಬ್ದಾರರಾಗಿರುತ್ತಾರೆ.